ಡಿವಿಡಿ ಪ್ಲೇಯರ್ ಬರೆಯೋಕೆ ಯಾವ ಉಚಿತ ಕಿಟ್? ಮೆನು ಬೇಕಾ ಅಂತ ಮೊದಲು ಕೇಳಿಕೊಳ್ಳಿ

ಅಕ್ಕನ ಮದುವೆಯ ಡಿವಿಡಿ ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗೆ ಎಷ್ಟೋ ವರ್ಷದಿಂದ ಬಿದ್ದಿದೆ. ಹಾಕಿ ನೋಡುತ್ತಿದ್ದ ಪ್ಲೇಯರ್ ಯಾವತ್ತೋ ಗುಜರಿಗೆ ಹೋಯಿತು. ಹೊಸ ಲ್ಯಾಪ್‌ಟಾಪಿಗೆ ಡಿವಿಡಿ ಡ್ರೈವೇ ಇಲ್ಲ. ಅಮ್ಮ ಮಾತ್ರ ಬಿಡುವುದಿಲ್ಲ. ಪ್ರತಿ ಹಬ್ಬಕ್ಕೂ ಅದೇ ಮಾತು: "ಆ ಮದುವೆ ಸೀಡಿ ಹಾಕೋ ಒಂದ್ಸಲ."

ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದನ್ನು ತಂದೆ. ಎರಡು ಮೂರು ಸಾವಿರದೊಳಗೆ ಸಿಗುತ್ತದೆ. ವಿಎಲ್‌ಸಿಯಲ್ಲಿ ಹಾಕಿ ತೋರಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅಮ್ಮನಿಗೆ ಮೌಸ್ ಹಿಡಿಯುವುದೆಂದರೆ ಆಗದು. ಮೇಲೆ, ಕೆಳಗೆ, ಓಕೆ, ಇಷ್ಟು ಬಟನ್ ಇದ್ದರೆ ಸಾಕು ಅವರಿಗೆ. ಸರಿ, ನಾನೇ ಒಂದು ಪುಟ್ಟ ಪ್ಲೇಯರ್ ಬರೆಯೋಣ ಅಂತ ಕೂತೆ. ಕೂತ ಮೇಲೆ ಗೊತ್ತಾಯಿತು, ಇದಕ್ಕೆ ಪುಕ್ಕಟೆಯಾಗಿ ಸಿಗುವ ದಾರಿ ಒಂದಲ್ಲ, ಐದು. ಐದೂ ಡಿವಿಡಿ ಓಡಿಸುತ್ತೇವೆ ಅನ್ನುತ್ತವೆ. ಓಡಿಸುತ್ತವೆ ಕೂಡ. ಆದರೆ ಒಂದೊಂದರ 'ಓಡಿಸುವುದು' ಒಂದೊಂದು ಥರ.

ಕಾಲೇಜಿನ ಕೊನೆ ವರ್ಷದ ಪ್ರಾಜೆಕ್ಟಿನವರು, ಫೋಟೋ ಸ್ಟುಡಿಯೋದವರು, ಹಳೆಯ ಯಕ್ಷಗಾನದ ಡಿಸ್ಕುಗಳು ಹಾಳಾಗುವ ಮೊದಲು ಉಳಿಸಿಕೊಳ್ಳಬೇಕು ಅನ್ನುವವರು, ಎಲ್ಲರೂ ಇದನ್ನೇ ಕೇಳುತ್ತಾರೆ. ಯಾವುದನ್ನು ಹಿಡಿಯಲಿ? ಐದನ್ನೂ ಸ್ವಲ್ಪ ಸ್ವಲ್ಪ ದಿನ ಬಳಸಿ ನೋಡಿದವನ ಲೆಕ್ಕ ಇದು.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಟಿವಿ ಪಕ್ಕ ಇಡುತ್ತಿದ್ದ ಡಬ್ಬಿ ಪ್ಲೇಯರಿನ ಚಿಪ್‌ಗೆ ಪ್ರೋಗ್ರಾಂ ಬರೆಯುವ ಕಿಟ್ ಬೇರೆ. ಅದನ್ನು ಚಿಪ್ ಕಂಪನಿಗಳು ಪ್ಲೇಯರ್ ತಯಾರಿಸುವವರಿಗಷ್ಟೇ ಒಪ್ಪಂದದ ಮೇಲೆ ಕೊಡುತ್ತಿದ್ದವು. ನಮ್ಮಂಥವರ ಕೈಗೆ ಸಿಗುವುದು ಕಂಪ್ಯೂಟರಿನಲ್ಲಿ ಓಡುವ ಲೈಬ್ರರಿಗಳು, ಅಂದರೆ ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿನ ಕಟ್ಟುಗಳು.

ನಾನು ಮಾಡಿದ ಮೊದಲ ತಪ್ಪು

ಡಿಸ್ಕ್ ತೆರೆದರೆ 'ವಿಡಿಯೋ ಟಿಎಸ್' ಅನ್ನುವ ಒಂದು ಫೋಲ್ಡರ್ ಕಾಣುತ್ತದೆ. ಒಳಗೆ ಮೂರು ಬಗೆಯ ಫೈಲ್. ವಿಒಬಿ ಅನ್ನುವವು ದೊಡ್ಡವು, ಒಂದೊಂದೂ ಹೆಚ್ಚೆಂದರೆ 1 ಜಿಬಿ. ಚಿತ್ರ, ಶಬ್ದ, ಸಬ್‌ಟೈಟಲ್ ಎಲ್ಲ ಅದರಲ್ಲೇ ಹೆಣೆದುಕೊಂಡಿರುತ್ತವೆ. ಐಎಫ್‌ಒ ಅನ್ನುವವು ಚಿಕ್ಕವು. ಬಿಯುಪಿ ಅಂದರೆ ಐಎಫ್‌ಒ ಫೈಲಿನದೇ ನಕಲು, ಗೀರು ಬಿದ್ದರೆ ಇರಲಿ ಅಂತ.

ನಾನು ಮಾಡಿದ್ದೇನು? ವಿಒಬಿಗಳನ್ನು ಸಾಲಾಗಿ ಜೋಡಿಸಿ ಒಂದು ಉದ್ದ ವಿಡಿಯೋ ಥರ ಓಡಿಸಿದೆ. ಅಷ್ಟೇ ಅಲ್ವಾ ಅಂದುಕೊಂಡೆ. ವರಪೂಜೆ ಚೆನ್ನಾಗಿಯೇ ಓಡಿತು. ಅದು ಮುಗಿದು ಧಾರೆ ಶುರುವಾಗುವ ಹೊತ್ತಿಗೆ ಟೈಮರ್ ಮತ್ತೆ ಸೊನ್ನೆಗೆ ಬಂತು. ಮುಂದಕ್ಕೆ ಎಳೆದರೆ ಎಲ್ಲೆಲ್ಲೋ ಹೋಗುತ್ತದೆ. ಮೆನು ಅಂತೂ ಇಲ್ಲವೇ ಇಲ್ಲ.

ಕಾರಣ ಆ ಚಿಕ್ಕ ಐಎಫ್‌ಒ ಫೈಲುಗಳಲ್ಲಿದೆ. ಯಾವ ತುಂಡಿನ ನಂತರ ಯಾವ ತುಂಡು, ಎಲ್ಲಿ ನಿಲ್ಲಬೇಕು, ಯಾವ ಬಟನ್ ಒತ್ತಿದರೆ ಎಲ್ಲಿಗೆ ಹಾರಬೇಕು ಅನ್ನುವ ಪ್ರೋಗ್ರಾಂ ಡಿಸ್ಕಿನಲ್ಲೇ ಇದೆ. ನಿಜವಾದ ಪ್ರೋಗ್ರಾಂ. ಒಂದೊಂದು ಆದೇಶ 8 ಬೈಟ್. ಅದನ್ನು ಓಡಿಸಲು ಪ್ಲೇಯರಿನೊಳಗೆ ಒಂದು ಪುಟ್ಟ ಕಾಲ್ಪನಿಕ ಕಂಪ್ಯೂಟರ್ ಇರಬೇಕು. ಅದಕ್ಕೆ 16 ಸಾಮಾನ್ಯ ರಿಜಿಸ್ಟರ್, 24 ಸಿಸ್ಟಮ್ ರಿಜಿಸ್ಟರ್. ರಿಜಿಸ್ಟರ್ ಅಂದರೆ ಒಂದೊಂದು ಸಂಖ್ಯೆ ನೆನಪಿಟ್ಟುಕೊಳ್ಳುವ ಪುಟ್ಟ ಗೂಡು. ಮೆನುವಿನ ಹಿಂದಿರುವ ಚಿತ್ರ ಮಾಮೂಲಿ ವಿಡಿಯೋ. ಅದರ ಮೇಲೆ ಬಟನ್ನಿನ ಬಣ್ಣ ಬದಲಾಗುವುದು ಸಬ್‌ಟೈಟಲ್ ಥರದ ನಾಲ್ಕು ಬಣ್ಣದ ಒಂದು ಪದರ. ಬಟನ್ ಎಲ್ಲಿದೆ ಅನ್ನುವ ಅಳತೆ ವಿಡಿಯೋದ ನಡುನಡುವೆ ಬರುವ ಪ್ಯಾಕೆಟ್‌ಗಳಲ್ಲಿದೆ. ಹೀಗಾಗಿ ಡಿವಿಡಿ ಪ್ಲೇಯರ್ ಬರೆಯುವುದೆಂದರೆ ಅರ್ಧ ವಿಡಿಯೋ ಕೆಲಸ, ಅರ್ಧ ಈ ಪುಟ್ಟ ಕಂಪ್ಯೂಟರನ್ನು ಓಡಿಸುವ ಕೆಲಸ.

ಅಳೆಯುವುದು ಹೇಗೆ

ಇಷ್ಟು ಗೊತ್ತಾದ ಮೇಲೆ ಮೊದಲ ಪ್ರಶ್ನೆ ತಾನಾಗಿಯೇ ಬರುತ್ತದೆ. ನಿಮಗೆ ಮೆನು ಬೇಕಾ? ಬೇಡ ಅಂದರೆ ಮುಕ್ಕಾಲು ಕಷ್ಟ ಇಲ್ಲಿಗೇ ಹೋಯಿತು. ಬೇಕು ಅಂದರೆ ಐದರಲ್ಲಿ ಒಂದು ದಾರಿ ಪೂರ್ತಿ ಬಿದ್ದುಹೋಗುತ್ತದೆ.

ಎರಡನೆಯದು, ಬರೆದದ್ದನ್ನು ಯಾರಿಗೆ ಕೊಡುತ್ತೀರಿ? ಇಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಉಚಿತ ಅಂದರೆ ದುಡ್ಡು ಕೊಡಬೇಕಿಲ್ಲ. ಮುಕ್ತ ಅಂದರೆ ಕೋಡ್ ನೋಡಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವಾಗ ಕೆಲವು ಷರತ್ತು. ಲಿನಕ್ಸ್ ಲೋಕದಲ್ಲಿ ಡಿವಿಡಿಯ ಮೆನು ಓದುವ ಕೆಲಸ ಬಹುತೇಕ ಎರಡೇ ಲೈಬ್ರರಿಗಳದ್ದು: ಲಿಬ್‌ಡಿವಿಡಿರೀಡ್ ಮತ್ತು ಲಿಬ್‌ಡಿವಿಡಿನ್ಯಾವ್. ಎರಡೂ ಜಿಪಿಎಲ್ ಲೈಸೆನ್ಸಿನವು. ಅವನ್ನು ಸೇರಿಸಿ ಮಾಡಿದ ಪ್ರೋಗ್ರಾಮನ್ನು ಹೊರಗೆ ಕೊಟ್ಟರೆ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ. ಮನೆಯಲ್ಲೇ ಬಳಸಿದರೆ ಈ ತಲೆನೋವೇ ಇಲ್ಲ. ಮಾರುವವರು ಮಾತ್ರ ಇದನ್ನು ಮೊದಲ ದಿನವೇ ಯೋಚಿಸಬೇಕು. ಮುಗಿದ ಮೇಲೆ ಯೋಚಿಸಿದರೆ ಎಲ್ಲ ಹೊಸದಾಗಿ ಬರೆಯುವ ಪಾಡು.

ಮೂರನೆಯದು, ಯಾವ ಮೆಷಿನ್, ಯಾವ ಭಾಷೆ. ನಾಲ್ಕನೆಯದು, ನಿಮ್ಮ ಹತ್ತಿರ ಇರುವುದು ಎರಡು ಸಂಜೆಯಾ, ಎರಡು ತಿಂಗಳಾ? ಐದನೆಯದು, ಡಿಸ್ಕಿಗೆ ನಕಲು ತಡೆಯುವ ಬೀಗ ಇದೆಯಾ? ಮದುವೆ, ಶಾಲಾ ವಾರ್ಷಿಕೋತ್ಸವ ಇಂಥ ಸ್ಟುಡಿಯೋ ಡಿಸ್ಕುಗಳಿಗೆ ಬೀಗ ಇರುವುದಿಲ್ಲ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕಿಗೆ ಇರಬಹುದು. ಆ ಬೀಗದ ಕಥೆಗೆ ಆಮೇಲೆ ಬರುತ್ತೇನೆ.

ಲಿಬ್‌ವಿಎಲ್‌ಸಿ: ಎರಡು ಸಂಜೆ ಸಾಕು

ವಿಎಲ್‌ಸಿ ಪ್ಲೇಯರಿನ ಹೊಟ್ಟೆಯೊಳಗಿನ ಎಂಜಿನ್ ಇದು. 1996ರಲ್ಲಿ ಫ್ರಾನ್ಸಿನ ಎಕೋಲ್ ಸೆಂತ್ರಾಲ್ ಪ್ಯಾರಿಸ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು, 2001ರಲ್ಲಿ ಮುಕ್ತವಾಯಿತು. ವಿಎಲ್‌ಸಿ ಏನೇನು ಮಾಡುತ್ತದೋ ಅದೆಲ್ಲ ನಿಮ್ಮ ಪ್ರೋಗ್ರಾಮಿಗೂ ಸಿಗುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಪೈಥಾನ್ ಬಲ್ಲವರಿಗೆ ಪೈಥಾನ್-ವಿಎಲ್‌ಸಿ, ಸಿ ಶಾರ್ಪ್ ಬಲ್ಲವರಿಗೆ ಲಿಬ್‌ವಿಎಲ್‌ಸಿಶಾರ್ಪ್ ಇದೆ.

ಮೆನು ಇದರಲ್ಲಿ ಎಷ್ಟು ಸುಲಭ ಅಂದರೆ ನನಗೇ ನಾಚಿಕೆಯಾಯಿತು. ಡಿಸ್ಕಿನ ವಿಳಾಸ ಕೊಟ್ಟು ಪ್ಲೇ ಅನ್ನಬೇಕು. 'ನ್ಯಾವಿಗೇಟ್' ಅನ್ನುವ ಒಂದೇ ಫಂಕ್ಷನ್. ಅದಕ್ಕೆ ಮೇಲೆ, ಕೆಳಗೆ, ಎಡ, ಬಲ, ಒತ್ತು ಅಂತ ಹೇಳಿದರೆ ಆಯಿತು. ಡಿಸ್ಕಿನ ಒಂದೊಂದು ವಿಡಿಯೋ ಭಾಗಕ್ಕೆ ಟೈಟಲ್ ಅನ್ನುತ್ತಾರೆ. ಮೆನುವಿಗೆ ವಾಪಸ್ ಬರಬೇಕೆಂದರೆ ಟೈಟಲ್ ಸೊನ್ನೆಗೆ ಹೋಗು ಅನ್ನಬೇಕು. ಅಮ್ಮನ ರಿಮೋಟಿನ ಮೊದಲ ಆವೃತ್ತಿ ಮೂವತ್ತು ಚಿಲ್ಲರೆ ಸಾಲಿನಲ್ಲಿ ಮುಗಿಯಿತು. ಚಿತ್ರದ ಅಗಲ ಎತ್ತರದ ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ಇದು ಸಣ್ಣ ವಿಷಯ ಅಲ್ಲ. ಪಾಲ್ ಅನ್ನುವ ನಮ್ಮ ಕಡೆಯ ಟಿವಿ ಪದ್ಧತಿಯ ಡಿಸ್ಕಿನ ಚಿತ್ರ 720 ಅಡ್ಡ 576 ಚುಕ್ಕಿ. ಆದರೆ ಆ ಚುಕ್ಕಿಗಳು ಚೌಕ ಅಲ್ಲ. ಹಾಗೇ ತೋರಿಸಿದರೆ ಮದುಮಗಳ ಮುಖ ದಪ್ಪವೋ ಉದ್ದವೋ ಆಗಿಬಿಡುತ್ತದೆ.

ಸ್ಟುಡಿಯೋ ಡಿಸ್ಕುಗಳಲ್ಲಿ ಇನ್ನೊಂದು ಕಾಟ ಇದೆ. ಹಳೆಯ ಟಿವಿಗೆ ಬೇಕಾದಂತೆ ಒಂದು ಸಾಲು ಬಿಟ್ಟು ಒಂದು ಸಾಲು ಚಿತ್ರ ತುಂಬಿರುತ್ತಾರೆ. ಕಂಪ್ಯೂಟರಿನಲ್ಲಿ ನೋಡಿದರೆ ಅಕ್ಷತೆ ಹಾಕುವ ಕೈಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಲಿಬ್‌ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಅನ್ನುವ ಒಂದು ಸಾಲು ಸೇರಿಸಿ 'ಯಾಡಿಫ್' ಅಂದರೆ ಸರಿಹೋಗುತ್ತದೆ.

ತೊಂದರೆಗಳೂ ಇವೆ. ವಿಂಡೋಸಿನಲ್ಲಿ ಪೈಥಾನ್ 64 ಬಿಟ್ ಇದ್ದು ವಿಎಲ್‌ಸಿ 32 ಬಿಟ್ ಇದ್ದರೆ ಲೈಬ್ರರಿ ಸಿಗಲಿಲ್ಲ ಅಂತ ಹೇಳಿ ಸುಮ್ಮನಾಗುತ್ತದೆ. ಏನು ತಪ್ಪು ಅಂತ ಹೇಳುವುದಿಲ್ಲ. ನನ್ನ ಒಂದು ಭಾನುವಾರ ಅಲ್ಲೇ ಹೋಯಿತು. ಇನ್ನೊಂದು, ಲೈಸೆನ್ಸ್. ಲಿಬ್‌ವಿಎಲ್‌ಸಿ ಎಲ್‌ಜಿಪಿಎಲ್, ಅಂದರೆ ಕೋಡ್ ಮುಚ್ಚಿಟ್ಟುಕೊಂಡೂ ಬಳಸಬಹುದು ಅಂತ ಎಲ್ಲ ಕಡೆ ಓದುತ್ತೀರಿ. ಎಂಜಿನ್ನಿನ ಮಟ್ಟಿಗೆ ಅದು ನಿಜ. ಆದರೆ ಅದರ ಡಿವಿಡಿ ಪ್ಲಗಿನ್, ಅಂದರೆ ಡಿವಿಡಿ ಓದಲು ಸಿಕ್ಕಿಸಿದ ತುಂಡು, ನಿಂತಿರುವುದು ಆ ಜಿಪಿಎಲ್ ಲೈಬ್ರರಿಗಳ ಮೇಲೇ. ವಿಡಿಯೋ ಫೈಲ್ ಓಡಿಸುವ ಆ್ಯಪಿಗೆ ಒಪ್ಪುವ ಮಾತು ಡಿವಿಡಿ ಆ್ಯಪಿಗೆ ಒಪ್ಪುವುದಿಲ್ಲ. ಈ ಸೂಕ್ಷ್ಮ ತಪ್ಪಿಸಿಕೊಂಡವರೇ ಜಾಸ್ತಿ. ಸಿದ್ಧ ಪ್ಯಾಕೇಜ್ ಇಳಿಸಿಕೊಂಡರೆ ಅದರ ಪ್ಲಗಿನ್ ಫೋಲ್ಡರಿನಲ್ಲಿ 'ಆಕ್ಸೆಸ್' ಅನ್ನುವುದರ ಒಳಗೆ ಡಿವಿಡಿನ್ಯಾವ್ ಹೆಸರಿನ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಮೆನುವೂ ಇಲ್ಲ.

ಜಿಸ್ಟ್ರೀಮರ್: ಪೈಪು ಜೋಡಿಸುವವರಿಗೆ

ಇದರ ಯೋಚನೆಯೇ ಬೇರೆ. ಮನೆಯ ನೀರಿನ ಪೈಪು ಜೋಡಿಸಿದಂತೆ. ಒಂದು ತುದಿಯಲ್ಲಿ ಡಿಸ್ಕ್, ಆಮೇಲೆ ಚಿತ್ರವನ್ನೂ ಶಬ್ದವನ್ನೂ ಬೇರ್ಪಡಿಸುವ ತುಂಡು, ಕುಗ್ಗಿಸಿಟ್ಟದ್ದನ್ನು ಬಿಡಿಸುವ ತುಂಡು (ಡಿಕೋಡರ್), ಕೊನೆಗೆ ಪರದೆ ಮತ್ತು ಸ್ಪೀಕರ್. ನಡುವೆ ಎಲ್ಲಿ ಬೇಕಾದರೂ ಇನ್ನೊಂದು ತುಂಡು ಸಿಕ್ಕಿಸಬಹುದು. ಶಬ್ದ ಕಡಿಮೆ ಇದ್ದರೆ ಏರಿಸುವುದು, ಚಿತ್ರವನ್ನು ತೋರಿಸುತ್ತಲೇ ಫೈಲಿಗೂ ಇಳಿಸುವುದು, ಬೇರೆ ಕೋಣೆಯ ಟಿವಿಗೆ ಕಳಿಸುವುದು, ಎಲ್ಲ ಆಗುತ್ತದೆ. ಲಿಬ್‌ವಿಎಲ್‌ಸಿಯಲ್ಲಿ ಇಂಥದ್ದು ಮಾಡಹೊರಟರೆ ಅದು ಬಿಟ್ಟುಕೊಟ್ಟಷ್ಟೇ ನಿಮಗೆ.

ಮೆನು ಬೇಕೆಂದರೆ 'ಆರ್‌ಎಸ್‌ಎನ್ ಡಿವಿಡಿ ಬಿನ್' ಅನ್ನುವ ತುಂಡು ಬೇಕು. ಅದು 'ಬ್ಯಾಡ್' ಅನ್ನುವ ಪ್ಲಗಿನ್ ಗುಂಪಿನಲ್ಲಿದೆ. ಹೆಸರು ನೋಡಿ ಹೆದರಬೇಡಿ. ಈ ಯೋಜನೆಯಲ್ಲಿ 'ಬ್ಯಾಡ್' ಅಂದರೆ ಪೂರ್ತಿ ಪಳಗಿಲ್ಲದ್ದು, 'ಅಗ್ಲಿ' ಅಂದರೆ ಕೋಡ್ ಚೆನ್ನಾಗಿದೆ ಆದರೆ ಹಂಚುವುದರಲ್ಲಿ ತಕರಾರು ಬರಬಹುದು ಅಂತ. ಲಿನಕ್ಸಿನ ಬಗೆಗಳಾದ ಡೆಬಿಯನ್ ಅಥವಾ ಉಬುಂಟುವಿನಲ್ಲಿ ಬ್ಯಾಡ್, ಅಗ್ಲಿ, ಲಿಬ್‌ಎವಿ ಮೂರೂ ಗುಂಪು ಹಾಕಿಕೊಳ್ಳಿ. ಒಂದು ಬಿಟ್ಟರೆ ಶಬ್ದವೋ ಚಿತ್ರವೋ ಬರದೆ ಹೋಗಬಹುದು.

ಕಲಿಯಲು ಸಮಯ ಬೇಕು. ಮೊದಲ ವಾರ ಎಲ್ಲವೂ ಕಪ್ಪು ಪರದೆ. ಆದರೆ ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿದೆ: ಓಡುತ್ತಿರುವಾಗಲೇ ಪೈಪು ಹೇಗೆ ಜೋಡಣೆಯಾಗಿದೆ ಅಂತ ಚಿತ್ರ ಬಿಡಿಸಿ ಕೊಡುತ್ತದೆ. ಎಲ್ಲಿ ಕಟ್ಟಿಕೊಂಡಿದೆ ಅಂತ ಕಣ್ಣಿಗೇ ಕಾಣುತ್ತದೆ. ಲೈಸೆನ್ಸಿನ ಕಥೆ ಲಿಬ್‌ವಿಎಲ್‌ಸಿಯದ್ದೇ. ತಿರುಳು ಎಲ್‌ಜಿಪಿಎಲ್, ಡಿವಿಡಿ ತುಂಡು ಜಿಪಿಎಲ್ ಲೈಬ್ರರಿಗಳ ಮೇಲೆ. ವಿಂಡೋಸಿನಲ್ಲೂ ಓಡುತ್ತದೆ, ಆದರೆ ಡಿವಿಡಿ ಸಲುವಾಗಿ ಅಲ್ಲಿ ಇದನ್ನು ಹಿಡಿದು ಒದ್ದಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಲಿಬ್‌ಡಿವಿಡಿನ್ಯಾವ್ ನೇರವಾಗಿ: ಕಲಿಯಬೇಕು ಅನ್ನುವವರಿಗೆ ಮಾತ್ರ

ಮೇಲಿನ ಎರಡೂ ಒಳಗೆ ಕರೆಯುವುದು ಇದನ್ನೇ. ಮಧ್ಯದವರನ್ನು ಬಿಟ್ಟು ನೇರ ಮಾತಾಡಬಹುದು. ಸಿ ಭಾಷೆ ಗೊತ್ತಿರಬೇಕು. ಬಿಡಿಸುವ ಕೆಲಸಕ್ಕೆ ಎಫ್‌ಎಫ್‌ಎಂಪೆಗ್, ತೋರಿಸುವ ಕೆಲಸಕ್ಕೆ ಎಸ್‌ಡಿಎಲ್ ಥರದ್ದೊಂದು ನೀವೇ ಸೇರಿಸಿಕೊಳ್ಳಬೇಕು.

ಇದರ ಹೃದಯ ಒಂದೇ ಫಂಕ್ಷನ್. 'ಮುಂದಿನ ಬ್ಲಾಕ್ ಕೊಡು' ಅನ್ನುತ್ತೀರಿ. ಅದು 2048 ಬೈಟಿನ ಒಂದು ತುಂಡು ಕೊಡುತ್ತದೆ, ಇಲ್ಲವೇ ಒಂದು ಸುದ್ದಿ ಕೊಡುತ್ತದೆ. ಬಣ್ಣದ ಪಟ್ಟಿ ಬದಲಾಯಿತು. ಭಾಷೆ ಬದಲಾಯಿತು. ಬಟನ್ ಹೈಲೈಟ್ ಬದಲಾಯಿತು. ಇಲ್ಲಿ ಚಿತ್ರ ನಿಲ್ಲಿಸು, ಇಷ್ಟು ಸೆಕೆಂಡ್. 255 ಅಂತ ಬಂದರೆ ಯಾರಾದರೂ ಬಟನ್ ಒತ್ತುವವರೆಗೆ. ಲೈಬ್ರರಿಯ ಜೊತೆಗೆ ಬರುವ ಉದಾಹರಣೆಗಳಲ್ಲಿ ಮೆನುವಿನದ್ದೂ ಒಂದಿದೆ. ಕೂತು ಓದಿದರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಅರ್ಥವಾಗುತ್ತದೆ. ಅರ್ಥವಾಗುವುದು ಸುಲಭ, ಮಾಡುವುದು ಕಷ್ಟ.

ಎಲ್ಲಿ ಕಷ್ಟ ಅಂದರೆ, 'ಕಾಯಿ' ಅನ್ನುವ ಒಂದು ಸುದ್ದಿ ಇದೆ. ನೀವು ಈವರೆಗೆ ತೆಗೆದುಕೊಂಡ ಚಿತ್ರವೆಲ್ಲ ಪರದೆಯ ಮೇಲೆ ಬಂದು ಮುಗಿಯುವವರೆಗೆ ನಾನು ಮುಂದಕ್ಕೆ ಹೋಗುವುದಿಲ್ಲ ಅಂತ ಅದರ ಅರ್ಥ. ನೀವು ಲೆಕ್ಕಿಸದೆ ಮುಂದಕ್ಕೆ ಎಳೆದರೆ ಕಾಲ್ಪನಿಕ ಕಂಪ್ಯೂಟರ್ ಮುಂದಿನ ಮೆನುವಿಗೆ ಹೋಗಿರುತ್ತದೆ, ಪರದೆಯಲ್ಲಿ ಇನ್ನೂ ಹಿಂದಿನದ್ದೇ ಇರುತ್ತದೆ. ನನ್ನ ಪ್ಲೇಯರಿನಲ್ಲಿ ನಾದಸ್ವರದ ಹಿನ್ನೆಲೆಯ ಮೆನು ಬರುವ ಮೊದಲೇ ಬಟನ್ ಹೊಳೆಯುತ್ತಿತ್ತು, ಖಾಲಿ ಕಪ್ಪಿನ ಮೇಲೆ. ಎಫ್‌ಎಫ್‌ಎಂಪೆಗ್ ಮುಂಚಿತವಾಗಿ ಓದಿಟ್ಟುಕೊಳ್ಳುವ ಸ್ವಭಾವದ್ದು. ಡಿವಿಡಿಗೆ ಆ ಸ್ವಭಾವ ಆಗಿಬರುವುದಿಲ್ಲ. ಇದನ್ನು ಹೊಂದಿಸಲು ನನಗೆ ಮೂರು ವಾರ ಬೇಕಾಯಿತು, ಆಮೇಲೂ ನೂರಕ್ಕೆ ನೂರು ಸರಿಯಾಗಲಿಲ್ಲ.

ಹಾಗಾದರೆ ಯಾಕೆ ಹಿಡಿಯಬೇಕು? ಕೊನೆ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಗೊತ್ತಿಲ್ಲ. ವರ್ಚುವಲ್ ಮೆಷಿನ್, ಬಫರ್, ಥ್ರೆಡ್, ಚಿತ್ರ ಶಬ್ದದ ಹೊಂದಾಣಿಕೆ, ಎಲ್ಲ ಒಂದೇ ಕಡೆ, ಅದೂ ಕೈಗೆ ಸಿಗುವ ಒಂದು ಡಿಸ್ಕಿನಲ್ಲಿ. ವೈವಾದಲ್ಲಿ ಏನು ಕೇಳಿದರೂ ಹೇಳಲು ಇರುತ್ತದೆ. ಲಿಬ್‌ವಿಎಲ್‌ಸಿ ಹಾಕಿ ಮೂವತ್ತು ಸಾಲು ತೋರಿಸಿದರೆ ಎಕ್ಸಾಮಿನರ್ "ಇದರಲ್ಲಿ ನೀನು ಮಾಡಿದ್ದೇನಪ್ಪ?" ಅನ್ನುತ್ತಾರೆ. ಅದು ನ್ಯಾಯವೇ.

ಎಫ್‌ಎಫ್‌ಎಂಪೆಗ್ ಅಥವಾ ಲಿಬ್‌ಎಂಪಿವಿ: ಮೆನು ಬೇಡದವರಿಗೆ

ಯಕ್ಷಗಾನದ ಡಿಸ್ಕ್ ಉಳಿಸುವವರೇ, ಇಲ್ಲಿ ನೋಡಿ. ನಿಮಗೆ ಬೇಕಾದ್ದು ಪ್ಲೇಯರ್ ಅಲ್ಲ, ಡಿಸ್ಕಿನೊಳಗಿನ ಪ್ರಸಂಗ.

2024ರಲ್ಲಿ ಬಂದ ಎಫ್‌ಎಫ್‌ಎಂಪೆಗ್ 7.0 ಆವೃತ್ತಿಯಿಂದ ಡಿವಿಡಿಯನ್ನು ನೇರವಾಗಿ ಓದುವ ಸೌಲಭ್ಯ ಸೇರಿದೆ. ನಾನು ಮಾಡಿದ ವಿಒಬಿ ಜೋಡಿಸುವ ಪೆದ್ದತನ ಇನ್ನು ಬೇಡ. ಎಷ್ಟನೆಯ ಟೈಟಲ್ ಅಂತ ಹೇಳಿದರೆ ಐಎಫ್‌ಒ ನೋಡಿ ಸರಿಯಾದ ಕ್ರಮದಲ್ಲಿ ಕೊಡುತ್ತದೆ, ಅಧ್ಯಾಯಗಳ ಗುರುತನ್ನೂ ಉಳಿಸುತ್ತದೆ. ಚಿತ್ರವನ್ನು ಮತ್ತೆ ಕುಗ್ಗಿಸದೆ ಹಾಗೇ ಎಂಕೆವಿ ಫೈಲಿಗೆ ಇಳಿಸಿಕೊಳ್ಳಬಹುದು, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಇದೂ ಒಳಗೆ ಆ ಎರಡು ಜಿಪಿಎಲ್ ಲೈಬ್ರರಿಗಳನ್ನೇ ಕರೆಯುತ್ತದೆ. ಹಾಗಾಗಿ ನಿಮ್ಮ ಸಿಸ್ಟಮಿನಲ್ಲಿರುವ ಎಫ್‌ಎಫ್‌ಎಂಪೆಗ್ ಅವುಗಳ ಜೊತೆ ಕಟ್ಟಿದ್ದಾ ಅಂತ ನೋಡಿಕೊಳ್ಳಿ.

ನೋಡಲು ಒಂದು ಕಿಟಕಿಯೂ ಬೇಕೆಂದರೆ ಲಿಬ್‌ಎಂಪಿವಿ ಇದೆ. ಹಗುರ, ಚಿತ್ರ ಚೆನ್ನ. ಮೆನು ಮಾತ್ರ ತೋರಿಸುವುದಿಲ್ಲ. ನೀವೇ ಚಂದದ ಒಂದು ಪಟ್ಟಿ ಮಾಡಿ, 'ಟೈಟಲ್ 1, ಟೈಟಲ್ 2' ಬದಲು ಪ್ರಸಂಗದ ಹೆಸರು, ಮೇಳದ ಹೆಸರು ಹಾಕಬಹುದು. ನಿಜ ಹೇಳಬೇಕೆಂದರೆ ಬಹಳ ಡಿಸ್ಕುಗಳ ಮೆನುವಿಗಿಂತ ಅದೇ ಚೆನ್ನಾಗಿರುತ್ತದೆ.

ಡೈರೆಕ್ಟ್‌ಶೋ: ಉಚಿತ, ಮುಕ್ತ ಅಲ್ಲ

ಬರೀ ವಿಂಡೋಸ್, ಕೋಡ್ ಯಾರಿಗೂ ತೋರಿಸುವುದಿಲ್ಲ, ಮಾರಬೇಕು. ಇಂಥವರಿಗೆ ಇದೊಂದೇ ಉಳಿಯುತ್ತದೆ. ಮೈಕ್ರೋಸಾಫ್ಟಿನ ವಿಂಡೋಸ್ ಎಸ್‌ಡಿಕೆಗೆ, ಅಂದರೆ ಪ್ರೋಗ್ರಾಂ ಬರೆಯುವವರ ಕಿಟ್‌ಗೆ, ದುಡ್ಡಿಲ್ಲ. ಅದರಲ್ಲಿರುವ 'ಡಿವಿಡಿ ನ್ಯಾವಿಗೇಟರ್' ಮೆನುವನ್ನು ಪೂರ್ತಿ ನೋಡಿಕೊಳ್ಳುತ್ತದೆ. ಬಟನ್ ಆರಿಸು, ಒತ್ತು, ಇಷ್ಟನೆಯ ಅಧ್ಯಾಯಕ್ಕೆ ಹೋಗು, ಎಲ್ಲಕ್ಕೂ ಬೇರೆ ಬೇರೆ ಫಂಕ್ಷನ್ ಇದೆ. ಸಿ ಪ್ಲಸ್ ಪ್ಲಸ್ ಮತ್ತು ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಮೈಕ್ರೋಸಾಫ್ಟಿನ 'ಕಾಮ್' (COM) ಪದ್ಧತಿ ಗೊತ್ತಿರಬೇಕು, ಅದು ಬೇರೆ ಶಿಕ್ಷೆ.

ಸಿಕ್ಕು ಇರುವುದು ಡಿಕೋಡರಿನಲ್ಲಿ. ನ್ಯಾವಿಗೇಟರ್ ಡಿಸ್ಕ್ ಓದುತ್ತದೆ, ಚಿತ್ರ ಬಿಡಿಸುವುದಿಲ್ಲ. ವಿಂಡೋಸ್ 8ರಿಂದ ಡಿವಿಡಿ ನೋಡುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಸುಮ್ನೆ ಜೊತೆಯಲ್ಲಿ ಕೊಡುವುದನ್ನು ನಿಲ್ಲಿಸಿತು. ನಿಮ್ಮ ಗಿರಾಕಿಯ ಮೆಷಿನ್ನಿನಲ್ಲಿ ಡಿಕೋಡರ್ ಇಲ್ಲದಿದ್ದರೆ ನಿಮ್ಮ ಪ್ರೋಗ್ರಾಂ ಕಪ್ಪು ಪರದೆ ತೋರಿಸುತ್ತದೆ, ಫೋನ್ ನಿಮಗೆ ಬರುತ್ತದೆ. ಲ್ಯಾವ್ ಫಿಲ್ಟರ್ಸ್ ಅನ್ನುವ ಉಚಿತ ಡಿಕೋಡರನ್ನು ಗಿರಾಕಿಯೇ ಹಾಕಿಕೊಳ್ಳಲಿ ಅನ್ನಬಹುದು. ನಿಮ್ಮ ಪ್ರೋಗ್ರಾಮಿನ ಜೊತೆ ಕಟ್ಟಿಕೊಡಲು ಹೋದರೆ ಮತ್ತೆ ಜಿಪಿಎಲ್ ಬಾಗಿಲಿಗೇ ಬರುತ್ತೀರಿ. ಸಾಲದ್ದಕ್ಕೆ ಡೈರೆಕ್ಟ್‌ಶೋವನ್ನು ಮೈಕ್ರೋಸಾಫ್ಟೇ ಹಳೆಯದು ಅನ್ನುತ್ತದೆ. ಹೊಸದಾದ ಮೀಡಿಯಾ ಫೌಂಡೇಶನ್‌ನಲ್ಲಿ ಡಿವಿಡಿ ಮೆನುವಿನ ಮಾತೇ ಇಲ್ಲ.

ಆ ಬೀಗದ ವಿಷಯ

ಸಿನಿಮಾ ಡಿಸ್ಕಿನ ಬೀಗಕ್ಕೆ ಸಿಎಸ್‌ಎಸ್ ಅಂತ ಹೆಸರು, 40 ಬಿಟ್ ಕೀಲಿ. 1999ರಲ್ಲೇ ಅದು ಮುರಿಯಿತು. ಅದರಲ್ಲಿ ಕೈ ಇದ್ದ ನಾರ್ವೆಯ ಯಾನ್ ಲೆಕ್ ಯೋಹಾನ್‌ಸೆನ್ ಅನ್ನುವ ಹುಡುಗನ ಮೇಲೆ ಕೇಸಾಯಿತು, 2003ರಲ್ಲಿ ಅಲ್ಲಿನ ಕೋರ್ಟ್ ಬಿಡುಗಡೆ ಮಾಡಿತು. ಈಗ ವಿಎಲ್‌ಸಿ ಮಾಡುವ ವಿಡಿಯೋಲ್ಯಾನ್‌ನವರ ಲಿಬ್‌ಡಿವಿಡಿಸಿಎಸ್‌ಎಸ್ ಲೈಬ್ರರಿ ಬೀಗ ತೆಗೆಯುವ ಕೆಲಸ ಮಾಡುತ್ತದೆ. ಲಿಬ್‌ಡಿವಿಡಿರೀಡ್ ಓಡುವಾಗ ಅದು ಸಿಸ್ಟಮಿನಲ್ಲಿ ಇದ್ದರೆ ತಾನೇ ಎತ್ತಿಕೊಳ್ಳುತ್ತದೆ. ಡೆಬಿಯನ್‌ನಲ್ಲಿ ಅದು ನೇರವಾಗಿ ಸಿಗುವುದಿಲ್ಲ. ಲಿಬ್‌ಡಿವಿಡಿ-ಪಿಕೆಜಿ ಅನ್ನುವ ಪ್ಯಾಕೇಜ್ ಹಾಕಿದರೆ ನಿಮ್ಮ ಮೆಷಿನ್ನಿನಲ್ಲೇ ಕಟ್ಟಿಕೊಡುತ್ತದೆ.

ಅಮೆರಿಕದಲ್ಲಿ ಬೀಗ ಮುರಿಯುವುದರ ಮೇಲೆ 1998ರ ಕಾನೂನು ಬಿಗಿಯಾಗಿದೆ. ನಮ್ಮಲ್ಲಿ 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಅನ್ನುವ ಕಲಂ ಸೇರಿತು. ಅದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದನ್ನು ಹಿಡಿಯುತ್ತದೆ. ನಾನು ವಕೀಲ ಅಲ್ಲ. ಮಾರುವ ಉದ್ದೇಶ ಇದ್ದರೆ ವಕೀಲರನ್ನೇ ಕೇಳಿ. ಲಿಬ್‌ಡಿವಿಡಿಸಿಎಸ್‌ಎಸ್ ಅನ್ನು ನಿಮ್ಮ ಪ್ಯಾಕೇಜಿನೊಳಗೆ ಸೇರಿಸದೆ ಇರುವುದು ಕ್ಷೇಮ. ಪೇಟೆಂಟಿನ ಭಯ ಮಾತ್ರ ಈಗ ಬೇಡ. ಡಿವಿಡಿಯ ಡಾಲ್ಬಿ ಶಬ್ದದ ಪೇಟೆಂಟುಗಳು 2017ರಲ್ಲಿ, ಚಿತ್ರದ ಎಂಪೆಗ್-2 ಪೇಟೆಂಟುಗಳು ಅಮೆರಿಕದಲ್ಲಿ 2018ರಲ್ಲಿ ಮುಗಿದವು.

ಇನ್ನೊಂದು ಸಣ್ಣ ಎಚ್ಚರಿಕೆ. ಸಿನಿಮಾ ಡಿಸ್ಕ್ ಎಲ್ಲಿ ಓಡಬೇಕು ಅಂತ ಲೋಕವನ್ನು ರೀಜನ್‌ಗಳಾಗಿ ಹಂಚಿದ್ದಾರೆ. ಭಾರತ ಡಿವಿಡಿ ಲೆಕ್ಕದಲ್ಲಿ 5ನೇ ರೀಜನ್. ಡ್ರೈವಿನ ರೀಜನ್ ಬದಲಿಸಲು ಐದೇ ಸಲ ಅವಕಾಶ. ವಿದೇಶದಿಂದ ನೆಂಟರು ತಂದ ಡಿಸ್ಕ್ ಹಾಕಿ "ಬದಲಿಸಲಾ?" ಅಂತ ಕೇಳಿದಾಗೆಲ್ಲ ಹೂಂ ಅನ್ನಬೇಡಿ.

ಯಾರಿಗೆ ಯಾವುದು

ಮನೆಯವರಿಗೆ ಒಂದು ಪ್ಲೇಯರ್, ಮೆನು ಸಮೇತ ಅಂದರೆ ಲಿಬ್‌ವಿಎಲ್‌ಸಿ, ಪೈಥಾನ್‌ನಲ್ಲಿ. ಎರಡನೇ ಯೋಚನೆ ಬೇಡ. ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಪೈಯ ಮೊದಲ ಮಾದರಿಗಳಲ್ಲಿ ಎಂಪೆಗ್-2ಗೆ ಬೇರೆ ಕೀಲಿ ಕೊಳ್ಳಬೇಕಿತ್ತು. ಪೈ 4ರಲ್ಲಿ ಪ್ರೊಸೆಸರೇ ಆರಾಮಾಗಿ ಬಿಡಿಸುತ್ತದೆ. ಡ್ರೈವಿಗೆ ಮಾತ್ರ ಕರೆಂಟ್ ಸಾಲದೆ ಡಿಸ್ಕ್ ತಿರುಗಿ ತಿರುಗಿ ನಿಲ್ಲುತ್ತದೆ. ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ.

ನೂರು ಡಿಸ್ಕ್ ಉಳಿಸಬೇಕು ಅಂದರೆ ಎಫ್‌ಎಫ್‌ಎಂಪೆಗ್. ಶಬ್ದ, ಚಿತ್ರ ತಿದ್ದುತ್ತ ತೋರಿಸಬೇಕು, ಲಿನಕ್ಸ್ ಪರವಾಗಿಲ್ಲ ಅಂದರೆ ಜಿಸ್ಟ್ರೀಮರ್. ಪ್ರಾಜೆಕ್ಟಿನವರಿಗೆ ಲಿಬ್‌ಡಿವಿಡಿನ್ಯಾವ್, ಆದರೆ ಒಂದು ಸೆಮಿಸ್ಟರ್ ಇರುವಾಗ. ಸಬ್‌ಮಿಷನ್‌ಗೆ ಎರಡು ವಾರ ಇರುವಾಗ ಅಲ್ಲ. ಸ್ಟುಡಿಯೋದವರು ಮಾರುವುದಾದರೆ ಡೈರೆಕ್ಟ್‌ಶೋ ಹಿಡಿಯುವ ಮೊದಲು ಇನ್ನೊಮ್ಮೆ ಯೋಚಿಸಿ. ನಿಮ್ಮ ವ್ಯಾಪಾರ ಇರುವುದು ಮದುವೆ ಚಿತ್ರದಲ್ಲಿ, ಪ್ಲೇಯರಿನ ಕೋಡಿನಲ್ಲಲ್ಲ. ಕೋಡ್ ತೆರೆದಿಟ್ಟು ಲಿಬ್‌ವಿಎಲ್‌ಸಿ ಬಳಸಿದರೆ ಕಳೆದುಕೊಳ್ಳುವುದು ಏನಿದೆ?

ಯಾವುದನ್ನೇ ಹಿಡಿಯಿರಿ, ಮೊದಲು ಡಿಸ್ಕಿನ ಐಎಸ್‌ಒ ಪ್ರತಿ, ಅಂದರೆ ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ, ಮಾಡಿಕೊಳ್ಳಿ. ಸ್ಟುಡಿಯೋದಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಕಾಲ ಕಳೆದಂತೆ ಮಾಸುತ್ತದೆ. ಜಿಎನ್‌ಯು ಡಿಡಿರೆಸ್ಕ್ಯೂ ಅನ್ನುವ ನಕಲು ಮಾಡುವ ಪ್ರೋಗ್ರಾಂ ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೋಡ್ ಬರೆಯುವಾಗ ಆ ಪ್ರತಿಯ ಮೇಲೆಯೇ ಪರೀಕ್ಷೆ ಮಾಡಿ. ಐದು ದಾರಿಯಲ್ಲೂ ಐಎಸ್‌ಒ ಪ್ರತಿಯಿಂದ ಕೆಲಸ ಮಾಡಬಹುದು; ಡೈರೆಕ್ಟ್‌ಶೋಗೆ ಮಾತ್ರ ಅದನ್ನು ವಿಂಡೋಸಿನಲ್ಲಿ ಮೌಂಟ್ ಮಾಡಿ ಕೊಡಬೇಕು. ಡಿಸ್ಕ್ ತಿರುಗುವುದನ್ನು ಕಾಯುವ ಗೋಳೂ ಇಲ್ಲ.

ಪರೀಕ್ಷೆ ಅಂದಾಗ ನೆನಪಾಯಿತು. ನನ್ನ ಪ್ಲೇಯರಿನಲ್ಲಿ ಅಮ್ಮ 'ಆರತಕ್ಷತೆ' ಒತ್ತಿದರೆ ಊಟದ ಪಂಕ್ತಿ ಬರುತ್ತಿತ್ತು. 'ಊಟ' ಒತ್ತಿದರೆ ಆರತಕ್ಷತೆ. ಎರಡು ಸಂಜೆ ನನ್ನ ಕೋಡನ್ನು ಸಾಲು ಸಾಲಾಗಿ ಹುಡುಕಿದೆ. ಕೊನೆಗೆ ಅದೇ ಐಎಸ್‌ಒವನ್ನು ಜಿಸ್ಟ್ರೀಮರಿನಲ್ಲಿ ಹಾಕಿದೆ, ಗೆಳೆಯನ ವಿಂಡೋಸ್ ಮೆಷಿನ್ನಿನಲ್ಲಿ ಹಾಕಿದೆ. ಎಲ್ಲ ಕಡೆ ಅದೇ. ಡಿಸ್ಕ್ ಮಾಡಿದ ಸ್ಟುಡಿಯೋದವರೇ ಎರಡು ಬಟನ್ನಿನ ಆದೇಶ ಅದಲುಬದಲು ಮಾಡಿಟ್ಟಿದ್ದರು. ಪ್ಲೇಯರ್ ಹೇಳಿದ್ದನ್ನು ಹೇಳಿದಂತೆ ಮಾಡುತ್ತಿತ್ತು. ಕೋಡಿನಲ್ಲಿ ಈ ಒಂದು ಡಿಸ್ಕಿಗಾಗಿ ತಿದ್ದುಪಡಿ ಹಾಕಲಾ ಅಂತ ಅಮ್ಮನನ್ನು ಕೇಳಿದೆ. "ಬೇಡ ಬಿಡೋ, ಆ ಮದುವೆಲಿ ಊಟ ಮೊದಲೇ ಆಗಿದ್ದು" ಅಂದರು.